ಚಕ್ರದಡಿಯ ನಿಂಬೆಹಣ್ಣು

ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತಲೇ ತೇಜಸ್ ಬ್ರೇಕ್ ಒತ್ತಿದ. ಪೆಡಲ್ ಮೆತ್ತಗೆ ತಳಕ್ಕಿಳಿಯಿತು, ಕಾರು ನಿಲ್ಲಲಿಲ್ಲ. ಇಳಿಜಾರಿನ ಬೀದಿಯಲ್ಲಿ, ಎದುರಿಗೇ, ಅವ್ವ ರುದ್ರಾಣಿ ಆರತಿ ತಟ್ಟೆ ಹಿಡಿದು ನಿಂತಿದ್ದಳು.

ಹೊಸದಾಗಿ ಕೊಂಡ ಈ ಹಳೆಯ ಸ್ಪೋರ್ಟ್ಸ್ ಕಾರಿಗೆ ಬ್ರೇಕ್ ರಿಪೇರಿಗಿಂತ ಮೊದಲು ಕೆಂಪು ಬಣ್ಣ ಹೊಡೆಸಿದ್ದು ಅವನೇ. ಪೂಜೆಗೆ ನಿಲ್ಲುವ ಗಾಡಿ ಮಾಸಲಾಗಿದ್ದರೆ ಬೀದಿಯವರು ಏನೆಂದಾರು?

ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದ. ಬಂಪರ್ ಅವ್ವನ ರೇಷ್ಮೆಸೀರೆಯ ನೆರಿಗೆಗೆ ತಾಗಿ ನಿಂತಿತು. ಮಗ ಬೇಕೆಂದೇ ಅಷ್ಟು ಹತ್ತಿರ ತಂದನೆಂದುಕೊಂಡ ಅವ್ವ ಕದಲದೆ ಬಾನೆಟ್ಟಿಗೆ ಕುಂಕುಮವಿಟ್ಟಳು.

"ದೃಷ್ಟಿ ಎಲ್ಲಾ ಓಯ್ತು ಕಣ್ಲಾ. ನಡಿ, ಈಗ್ಲೇ ಮಾದೇಶ್ವರನ ಬೆಟ್ಟಕ್ಕೆ ಓಗ್ಬರವ," ಎಂದು ಆರತಿ ತಟ್ಟೆ ಚಾಚಿದಳು.

ತೇಜಸ್ ಕೆಳಗಿಳಿದು ಕಾರಿನ ಕೀಲಿಯನ್ನು ತಟ್ಟೆಗೆ ಹಾಕಿದ.

"ಬಸ್ಸಲ್ಲೇ ಓಗವ ಕಣವ್ವ."