ಮನಸ್ಸೇ ಪಾಸ್‌ವರ್ಡ್

ನೀರು ಸರಬರಾಜು ಕಚೇರಿಯ ಜಂಟಿ ಇ-ಮೇಲ್ ತೆರೆಯಬೇಕಾದರೆ ಗುಮಾಸ್ತರಾದ ದಾಕ್ಷಾಯಿಣಿ, ಮಕಾಂದಾರ ಇಬ್ಬರೂ ಒಂದೇ ಮನಸ್ಸಿನಿಂದ ಪರದೆ ಮುಟ್ಟಬೇಕು. ಈಗ ಪಾಸ್‌ವರ್ಡ್ ಎಂದರೆ ಅಷ್ಟೇ. ನಿನ್ನೆ ಕಿಟಕಿ ಪಕ್ಕದ ಕುರ್ಚಿಗಾಗಿ ಇಬ್ಬರೂ ಜಗಳವಾಡಿದ್ದರಿಂದ ಅದು ಬೆಳಗಿನಿಂದ ‘ಪಾಸ್‌ವರ್ಡ್ ಕೊಡಿ’ ಎನ್ನುತ್ತಲೇ ಇತ್ತು. ನೀರು ಬಿಡುವ ಆದೇಶ ಅದರೊಳಗಿತ್ತು. ಊರಿನ ನಲ್ಲಿಗಳು ಒಣಗಿದ್ದವು.

“ತಪ್ಪಾತ್ರೀ ಮೇಡಂ,” ಎಂದು ಮಕಾಂದಾರ ಪರದೆ ಮುಟ್ಟಿದ. ಇ-ಮೇಲ್ ನಂಬಲಿಲ್ಲ.

“ನಂದೂ ತಪ್ಪೈತ್ರಿ,” ಎಂದು ದಾಕ್ಷಾಯಿಣಿಯೂ ಮುಟ್ಟಿದಳು. ಅದನ್ನು ಸ್ವತಃ ಅವಳೇ ನಂಬಿರಲಿಲ್ಲ.

ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತು, “ಸಿಟ್ಟು ಬಿಡ್ರಿ! ಸಮಾಧಾನ ಅಂದ್ರ ಏನಂತ ನನ್ನ ನೋಡಿ ಕಲೀರಿ!” ಎಂದು ಗೋಡೆ ನಡುಗುವಂತೆ ಗದರಿ ಹೋದರು.

ಇಬ್ಬರೂ ಪರದೆ ಮೇಲೆ ಬೆರಳಿಟ್ಟುಕೊಂಡೇ ಮುಖ ಮುಖ ನೋಡಿಕೊಂಡರು. ಒಂದೇ ಬೈಗುಳ ಇಬ್ಬರ ನಾಲಿಗೆ ತುದಿಗೂ ಬಂತು.

ಇ-ಮೇಲ್ ಟಕ್ಕನೆ ತೆರೆದುಕೊಂಡಿತು.