ಮೂರನೆಯವನು

ಕಂಪ್ಯೂಟರ್ ಪರದೆಯ ಮೇಲಿನ ಕಪ್ಪು ಪಟ್ಟಿ ಸರಿಯಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಸಂಶೋಧನಾ ವಿದ್ಯಾರ್ಥಿನಿ ಅದರ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಕುಳಿತಿದ್ದ ತನ್ನ ಮಾರ್ಗದರ್ಶಕಿಯ ಮುಖ ನೋಡಿದಳು.

"ಒತ್ತಮ್ಮ. ಇನ್ನೇನು, ಮುಹೂರ್ತ ನೋಡ್ತಿದೀಯಾ?" ಎಂದರು ಮೇಡಂ.

ಆ ಪ್ರಯೋಗಾಲಯದ ಕಟ್ಟುನಿಟ್ಟು ಅದು. ಲೆಕ್ಕ ಹಾಕುವ ವಿಧಾನ ಪೂರ್ತಿ ತೀರ್ಮಾನವಾಗುವವರೆಗೆ ಉತ್ತರ ಬರುವ ಜಾಗವನ್ನು ಯಾರೂ ನೋಡುವಂತಿಲ್ಲ. ನೋಡಿದ ಮೇಲೆ ವಿಧಾನವನ್ನು ಯಾರೂ ಮುಟ್ಟುವಂತಿಲ್ಲ. ಮನುಷ್ಯ ತನಗೆ ಬೇಕಾದದ್ದನ್ನೇ ಕಾಣುವ ಪ್ರಾಣಿ, ಓದಿದವನಂತೂ ಒಂದು ಕೈ ಮೇಲೆ.

ಭಾರದ ಪರಮಾಣುಗಳ ನ್ಯೂಕ್ಲಿಯಸ್ಸುಗಳು ಡಿಕ್ಕಿ ಹೊಡೆದಾಗ ಕ್ಷಣಮಾತ್ರ ಹುಟ್ಟುವ ವಿಪರೀತ ಶಾಖದಲ್ಲಿ, ಒಂದನ್ನೊಂದು ಹಿಡಿದುಕೊಂಡ ಕ್ವಾರ್ಕ್ ಎಂಬ ಅತಿಸೂಕ್ಷ್ಮ ಕಣಗಳ ಜೋಡಿಗಳ ಗತಿಯೇನು ಎಂಬುದು ಪ್ರಶ್ನೆ. ಜೋಡಿಗಳಲ್ಲಿ ಮೂರು ಬಗೆ. ಬಿಗಿಯಾಗಿ ಅಪ್ಪಿಕೊಂಡದ್ದಕ್ಕೆ ಇವರು ದೊಡ್ಡಣ್ಣ ಎನ್ನುತ್ತಿದ್ದರು, ಸ್ವಲ್ಪ ಸಡಿಲವಾದದ್ದಕ್ಕೆ ನಡುವಿನವನು, ಹೆಸರಿಗಷ್ಟೇ ಕೈ ಹಿಡಿದದ್ದಕ್ಕೆ ಕಿರಿಯ. ಅಣ್ಣಂದಿರಿಬ್ಬರು ಅಷ್ಟೋ ಇಷ್ಟೋ ಉಳಿಯಬಹುದು, ಕಿರಿಯ ಮಾತ್ರ ಹೇಳಹೆಸರಿಲ್ಲದಂತೆ ಕರಗಿಹೋಗುತ್ತಾನೆ ಎಂದು ಸೂತ್ರ ಬರೆದೇ ಮೇಡಂ ಚಿಕ್ಕ ವಯಸ್ಸಿನಲ್ಲಿ ಹೆಸರು ಮಾಡಿದ್ದರು. ಆ ಸೂತ್ರ ಈಗಲೂ ಕೋಣೆಯ ಕರಿಹಲಗೆಯ ಮೂಲೆಯಲ್ಲಿತ್ತು. ಸುತ್ತ ಒಂದು ಚೌಕ, ಕೆಳಗೆ ಅವರದೇ ಕೈಬರಹದಲ್ಲಿ 'ಅಳಿಸಬೇಡಿ'. ಹಲಗೆ ಒರೆಸುವವರೆಲ್ಲ ಅದನ್ನು ಬಿಟ್ಟು ಸುತ್ತ ಒರೆಸುತ್ತಿದ್ದರು. ವಾರದ ಕೊನೆಗೆ ಮೇಡಂ ಅವರ ನಿವೃತ್ತಿ ಭಾಷಣ. ವಿಷಯವೂ ಅದೇ ಸೂತ್ರ.

ಹುಡುಗಿ ಗುಂಡಿ ಒತ್ತಿದಳು. ಪಟ್ಟಿ ಸರಿಯಿತು. ನಕ್ಷೆಯ ಗೆರೆಯಲ್ಲಿ ಅಣ್ಣಂದಿರ ಎರಡು ಉಬ್ಬುಗಳ ಆಚೆ, ಸಪಾಟಾಗಿರಬೇಕಾದ ಜಾಗದಲ್ಲಿ ಇನ್ನೊಂದು ಪುಟ್ಟ ಉಬ್ಬು ಎದ್ದು ನಿಂತಿತ್ತು. ಕಿರಿಯ ಉಳಿದಿದ್ದ.

ಇದು ಹುಡುಗಿಯ ಮೊದಲ ದೊಡ್ಡ ಫಲಿತಾಂಶ, ಕುಣಿಯಬೇಕಾದವಳಿಗೆ ಅಳು ಬಂತು. ಊರಿಗೆ ಹೊಸಬಳಾಗಿ ಬಂದಾಗ ಮನೆ ಹುಡುಕಿಕೊಟ್ಟವರು, ಜ್ವರದಲ್ಲಿ ಮಲಗಿದಾಗ ಪಕ್ಕದಲ್ಲೇ ಕೂತವರು ಇದೇ ಮೇಡಂ.

"ಮೇಡಂ, ಎಣಿಕೆಗಳನ್ನ ಹಂಚಿ ಹಾಕೋ ಮನೆಗಳನ್ನ ಒಂಚೂರು ಅಗಲ ಮಾಡಿದ್ರೆ ಈ ಉಬ್ಬು ಅಕ್ಕಪಕ್ಕದಲ್ಲಿ ಸೇರಿಹೋಗತ್ತೆ. ಕಾಣೋದೇ ಇಲ್ಲ."

"ಅಗಲ ಎಷ್ಟಿರಬೇಕು ಅಂತ ತೀರ್ಮಾನ ಮಾಡಿದ್ದು ಯಾರು?"

"ನೀವೇ."

"ಪಟ್ಟಿ ತೆಗೆಯೋಕೆ ಮುಂಚೇನೋ, ಆಮೇಲೋ?"

ಹುಡುಗಿ ತಲೆ ತಗ್ಗಿಸಿದಳು. "ಮುಂಚೆ."

"ಮತ್ತೆ? ಮುಗೀತಲ್ಲ."

"ನಿಮ್ಮ ಭಾಷಣ ಆದ್ಮೇಲಾದ್ರೂ ಪಟ್ಟಿ ತೆಗೀಬಹುದಿತ್ತು."

"ಆಗ ಇದನ್ನ ನೋಡೋಕೆ ನಾನು ಇಲ್ಲಿ ಇರ್ತಿರಲಿಲ್ಲ ಕಣೆ."

ಮೇಡಂ ಕನ್ನಡಕ ತೆಗೆದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಆ ಉಬ್ಬನ್ನೇ ನೋಡಿದರು. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಇದ್ದಕ್ಕಿದ್ದಂತೆ ನಕ್ಕರು.

"ನಾನೂ ನಮ್ಮನೇಲಿ ಮೂರನೆಯವಳೇ. ಹುಟ್ಟಿದಾಗ ಡಾಕ್ಟರು, ಇದು ಉಳಿಯೋ ಕೂಸಲ್ಲ ಅಂದಿದ್ರಂತೆ. ಅವರೂ ತುಂಬಾ ಓದಿದವರೇ!"

ಎದ್ದು ಕರಿಹಲಗೆಯ ಹತ್ತಿರ ಹೋಗಿ ಡಸ್ಟರ್ ಕೈಗೆತ್ತಿಕೊಂಡರು.

"ಬೇಡ ಮೇಡಂ!" ಹುಡುಗಿ ಕುರ್ಚಿ ಬಿಟ್ಟೆದ್ದಳು.

ಮೇಡಂ ಸೂತ್ರವನ್ನು ಮುಟ್ಟಲಿಲ್ಲ. ಅದರ ಕೆಳಗಿದ್ದ 'ಅಳಿಸಬೇಡಿ' ಎಂಬುದನ್ನಷ್ಟೇ ಒರೆಸಿ, ಡಸ್ಟರನ್ನು ತಂದು ಹುಡುಗಿಯ ಮೇಜಿನ ಮೇಲಿಟ್ಟರು.