ನಾಣ್ಯದ ಮೇಲಿನ ಹೆಸರು

ಹಿಂದೆ ಜಾರ್ಜಿಯಾದಲ್ಲಿ ಅರಸನೊಬ್ಬ ತನ್ನ ಅಣ್ಣನ ಮಗನ ಕಣ್ಣು ಕೀಳಿಸಿ ಪಟ್ಟವೇರಿದ. ಹೊಸ ಬೆಳ್ಳಿ ನಾಣ್ಯದಲ್ಲಿ ಆ ಕುರುಡ ರಾಜಕುಮಾರನ ಹೆಸರು ಕೆತ್ತಿದ್ದಾನೆಂಬ ದೂರಿನ ಮೇಲೆ ಟಂಕಸಾಲೆಯ ಮುದುಕ ಗೊಚಾನನ್ನು ಕೈಕಟ್ಟಿ ಬೆಟ್ಟದ ಕೋಟೆಗೆ ತಂದರು. ಅಲ್ಲಿ ಓದು ಬಲ್ಲವನೆಂದರೆ ಸೆರೆಯಲ್ಲಿದ್ದ ರಾಜಕುಮಾರನೊಬ್ಬನೇ.

ದಳಪತಿ ನಾಣ್ಯವನ್ನು ಅವನ ಅಂಗೈಯಲ್ಲಿಟ್ಟ. “ಮುಟ್ಟಿ ಓದು. ನಿನ್ನ ಹೆಸರಿದ್ದರೆ ಇವನ ತಲೆ ಹೋಗುತ್ತೆ. ಸುಳ್ಳು ಹೇಳಿದರೆ ನಿನ್ನದೂ.”

ರಾಜಕುಮಾರನ ಬೆರಳು ಒಂದೊಂದೇ ಅಕ್ಷರ ಸವರಿತು.

“ಕೆತ್ತಿದ್ದು ನೀನೇನಾ, ಅಜ್ಜಾ?”

“ಹೌದು ದೊರೆ, ನಾನೇ.”

“ನಿನ್ನ ಕೈ ಇನ್ನೂ ನಡುಗಿಲ್ಲ.” ರಾಜಕುಮಾರ ದಳಪತಿಯತ್ತ ತಿರುಗಿದ. “ಇದು ಚಿಕ್ಕಪ್ಪನ ಹೆಸರು. ಇವನನ್ನು ಬಿಟ್ಟುಬಿಡಿ.”

ಸೈನಿಕರು ಗೊಚಾನ ಹಗ್ಗ ಬಿಚ್ಚುವಾಗಲೂ ರಾಜಕುಮಾರನ ಬೆರಳು ತನ್ನದೇ ಹೆಸರಿನ ಮೇಲಿತ್ತು.